ಗಾಜು ತೊಳೆಯುವ ಕೆಲಸ

ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಗಾಜಿನ ಸಾಮಾನು ತೊಳೆಯುವ ಹೆಂಗಸು ತನ್ನ ತಾಯಿ ಎಂದು ಗುಬ್ಬಿ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಅವಳ ತರಗತಿಗಳು ಮುಂದಿನ ಕಟ್ಟಡದಲ್ಲಿದ್ದವು, ತಾಯಿಯ ತರಗತಿಗಳು ಹಿಂದಿನದರಲ್ಲಿ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದರು. ದಾರಿಯುದ್ದಕ್ಕೂ ಗುಬ್ಬಿಯ ಬಾಯಿಗೆ ಬಿಡುವಿರುತ್ತಿರಲಿಲ್ಲ. ಕಾಲೇಜಿನ ಹತ್ತಿರ ಇಳಿದ ಮೇಲೆ ಮಾತ್ರ ಚಪ್ಪಲಿಯ ಪಟ್ಟಿ ಸರಿಮಾಡುವ ನೆಪದಲ್ಲಿ ಹಿಂದೆ ಉಳಿಯುತ್ತಿದ್ದಳು. ತಾಯಿ ತಿರುಗಿ ನೋಡದೆ ಮುಂದೆ ನಡೆಯುತ್ತಿದ್ದಳು.

ತಾಯಿಯೂ ಅಲ್ಲಿ ವಿದ್ಯಾರ್ಥಿನಿಯೇ. ಎರಡು ವರ್ಷ ಓದಿ, ಮದುವೆಯಾಗಿ, ಮೂರನೆಯ ವರ್ಷವನ್ನು ಹಾಗೇ ಬಿಟ್ಟಿದ್ದಳು. ಅರ್ಧಕ್ಕೆ ಬಿಟ್ಟವರು ಮತ್ತೆ ಬಂದು ಮುಗಿಸಬಹುದು ಎಂದು ಕಾಲೇಜಿನವರು ಹೇಳಿದಾಗ, ನಲವತ್ತು ದಾಟಿದವಳು ಹೋಗಿ ಸೇರಿಕೊಂಡಳು. ಶುಲ್ಕ ಕಟ್ಟಲಾಗದವರಿಗೆ ಅಲ್ಲಿ ಒಂದು ದಾರಿ ಇತ್ತು. ಪಾಠವಿಲ್ಲದ ಹೊತ್ತಿನಲ್ಲಿ ಆವರಣದೊಳಗೇ ಏನಾದರೊಂದು ಕೆಲಸ ಮಾಡಿದರೆ ಶುಲ್ಕ ಮನ್ನಾ ಆಗುತ್ತಿತ್ತು. ಹಾಸ್ಟೆಲಿನಲ್ಲಿರುವವರಿಗಾದರೆ ಕೋಣೆ ಬಾಡಿಗೆಯೂ ಇಲ್ಲ. ಕೆಲವರು ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತಿದ್ದರು, ಕೆಲವರು ಊಟದ ಮನೆಯಲ್ಲಿ ಬಡಿಸುತ್ತಿದ್ದರು. ತಾಯಿಗೆ ಸಿಕ್ಕಿದ್ದು ಪ್ರಯೋಗಾಲಯದ ಹಿಂದಿನ ತೊಳೆಯುವ ಕೋಣೆ.

“ಮನೇಲಿ ಪಾತ್ರೆ ತಿಕ್ಕಿದ್ದು ಸಾಲದೂಂತ ಕಾಲೇಜಿನ ಪಾತ್ರೆ ತಿಕ್ಕೋಕೆ ಹೋಗ್ತಾಳೆ. ಅದಕ್ಕೆ ಡಿಗ್ರಿ ಬೇರೆ ಕೊಡ್ತಾರಂತೆ,” ಎಂದು ಅಜ್ಜಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅವಳು ಗುಬ್ಬಿಯ ತಂದೆಯ ತಾಯಿ. ಸೊಸೆ ಕಾಲೇಜಿಗೆ ಹೊರಟ ದಿನದಿಂದ ತನ್ನ ಚಹಾ ತಣ್ಣಗಾಗಿದೆ ಎಂಬುದು ಅವಳ ದೂರು.

ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ. ಗುಬ್ಬಿಯ ತಂದೆ ವಾಹನಗಳ ಸೀಟು ಹೊಲಿಯುವವನು. ಅಂಗಡಿಯಲ್ಲಿ ಹೊಲಿಗೆ ಯಂತ್ರ ಮತ್ತು ಅವನು, ಇಬ್ಬರಿಗೇ ಜಾಗ. ಹಾಗಾಗಿ ಫೋಮಿನ ಹಾಳೆಗಳೂ ರೆಕ್ಸಿನ್ನಿನ ಸುರುಳಿಗಳೂ ಮನೆಗೇ ಬರುತ್ತಿದ್ದವು. ಅವುಗಳ ಒಂದು ಬದಿಗೆ ಗುಬ್ಬಿಯ ಹಾಸಿಗೆ, ಅದರಾಚೆ ಅಜ್ಜಿಯದು. ಗುಬ್ಬಿಯ ಕೂದಲಿಗೂ ದುಪಟ್ಟಾಕ್ಕೂ ರೆಕ್ಸಿನ್ ವಾಸನೆ ಹತ್ತಿಕೊಂಡಿತ್ತು. ಪುಸ್ತಕ ತೆರೆದರೆ ಅಜ್ಜಿ ಮೊಣಕಾಲಿಗೆ ಎಣ್ಣೆ ತಿಕ್ಕಲು ಕೂಗುತ್ತಿದ್ದಳು. ಅದು ಮುಗಿಯುವಷ್ಟರಲ್ಲಿ ತಂದೆ ಹಾಳೆಯ ಇನ್ನೊಂದು ತುದಿ ಹಿಡಿಯಲು ಕರೆಯುತ್ತಿದ್ದ.

ಅವಳ ಗೆಳತಿಯೊಬ್ಬಳು ಹಾಸ್ಟೆಲಿನಲ್ಲಿದ್ದಳು. ದಪ್ಪ ಕನ್ನಡಕ ಹಾಕುತ್ತಿದ್ದುದರಿಂದ ಎಲ್ಲರೂ ಅವಳನ್ನು ಸೋಡಾ ಎನ್ನುತ್ತಿದ್ದರು. ಸೋಡಾಳ ಕೋಣೆಯಲ್ಲಿ ಎರಡು ಮಂಚ, ಒಂದು ಖಾಲಿ. ಒಂದು ಮಧ್ಯಾಹ್ನ ಗುಬ್ಬಿ ಆ ಖಾಲಿ ಮಂಚದ ಮೇಲೆ ಸುಮ್ಮನೆ ಮಲಗಿದಳು. ಕಿಟಕಿಯಾಚೆ ಮರವೊಂದು ಎಲೆ ಉದುರಿಸುತ್ತಿತ್ತು. ಎದ್ದು ಕೂತಾಗ ಬಿಸಿಲು ಗೋಡೆಯ ಅರ್ಧಕ್ಕೆ ಏರಿತ್ತು, ಆವರೆಗೆ ಒಬ್ಬರೂ ಅವಳ ಹೆಸರು ಹಿಡಿದು ಕೂಗಿರಲಿಲ್ಲ. ಅಂದಿನಿಂದ ಅವಳಿಗೆ ಬೇರೇನೂ ಬೇಡವಾಯಿತು.

ಹೊಸ ಅರ್ಧವರ್ಷದ ಕೆಲಸಗಳನ್ನು ಹಂಚುವ ಹೊತ್ತಿಗೆ ಅವಳು ಕಚೇರಿಗೆ ಹೋಗಿ, ಹಾಸ್ಟೆಲಿನ ಬಾಡಿಗೆ ತಪ್ಪುವಂತೆ ತನಗೂ ಒಂದು ಕೆಲಸ ಕೇಳಿದಳು. ಗುಮಾಸ್ತೆ ಅವಳ ವಿಳಾಸ ನೋಡಿ, ಒಂದು ಮನೆಗೆ ಒಂದೇ ಕೆಲಸ, ನಿಮ್ಮ ಮನೆಯಿಂದ ಈಗಾಗಲೇ ಒಬ್ಬರಿದ್ದಾರಲ್ಲ ಎಂದರು. ಹಿಂದೆ ಸಾಲಿನಲ್ಲಿ ನಿಂತವರಿಗೂ ಅದು ಕೇಳಿಸಿತು.

ಆ ಸಂಜೆ ಊಟಕ್ಕೆ ಕೂತಾಗ ಗುಬ್ಬಿ ನಡೆದದ್ದನ್ನೆಲ್ಲ ಹೇಳಿ, “ಅಮ್ಮ ಆ ಕೆಲಸ ಬಿಟ್ಟರೆ ನನಗೆ ಸಿಗುತ್ತೆ,” ಎಂದಳು.

ತಂದೆ ತಟ್ಟೆ ನೋಡುತ್ತ ಕೂತ. ಹೆಂಡತಿ ಸರಿ ಎನ್ನುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಗುಬ್ಬಿಗೂ ಗೊತ್ತಿತ್ತು. ಪಾತ್ರೆಯಲ್ಲಿ ಒಬ್ಬರಿಗಾಗುವಷ್ಟು ಉಳಿದರೆ ತನಗೆ ಹಸಿವಿಲ್ಲ ಎನ್ನುತ್ತಿದ್ದವಳು ತಾಯಿ. ಮಳೆಗಾಲಕ್ಕೆ ಒಂದೇ ಕೊಡೆ ಇದ್ದರೆ ನನಗೆ ಕೊಡೆ ಹಿಡಿದು ಅಭ್ಯಾಸವಿಲ್ಲ ಎಂದವಳು. ತಾಯಿ ಅತ್ತೆಯ ತಟ್ಟೆಗೆ ಇನ್ನೊಂದು ಸೌಟು ಬೇಳೆ ಹಾಕಿ, ಸೌಟನ್ನು ಪಾತ್ರೆಯೊಳಗೆ ಬಿಟ್ಟು, ತನ್ನ ತಟ್ಟೆಯ ಮುಂದೆ ಕೂತಳು.

“ನಾನು ಬಿಡಲ್ಲ,” ಎಂದಳು.

“ಏನಂದೆ?” ಎಂದ ತಂದೆ. ಕೋಪದಿಂದಲ್ಲ, ಸರಿಯಾಗಿ ಕೇಳಿಸಲಿಲ್ಲವೇನೋ ಎಂದು.

“ಬಿಡಲ್ಲ ಅಂದೆ. ಇನ್ನು ಅರ್ಧ ವರ್ಷ ಉಳಿದಿದೆ. ಈಗ ಬಿಟ್ರೆ ಹಿಂದೆ ಓದಿದ್ದೂ ಲೆಕ್ಕಕ್ಕೆ ಬರಲ್ಲ. ಅದು ಮುಗೀಲಿ, ಆಮೇಲೆ ಅವಳೇ ಮಾಡ್ಲಿ.”

“ಅಷ್ಟೊತ್ತಿಗೆ ಆ ಮಂಚಕ್ಕೆ ಬೇರೆ ಯಾರೋ ಬಂದಿರ್ತಾರೆ,” ಎಂದಳು ಗುಬ್ಬಿ.

“ಬರಬಹುದು.”

“ಈ ವಯಸ್ಸಿಗೆ ನಿನಗೆ ಡಿಗ್ರಿ ಯಾಕಮ್ಮ? ಯಾರು ಕೆಲಸ ಕೊಡ್ತಾರೆ ನಿನಗೆ?”

ತಂದೆ ಗದರಿದ. ತಾಯಿ ಮಾತ್ರ ಆ ಪ್ರಶ್ನೆಗೆ ಯೋಚಿಸಿಯೇ ಉತ್ತರ ಕೊಟ್ಟಳು. “ಗೊತ್ತಿಲ್ಲ ಕಣೆ. ಯಾರೂ ಕೊಡದೇನೂ ಇರಬಹುದು.”

ಗುಬ್ಬಿ ಅರ್ಧ ಊಟದಲ್ಲಿ ಎದ್ದು ತಟ್ಟೆ ತೊಳೆದಿಟ್ಟಳು. ತನ್ನದೊಂದನ್ನೇ.

ಆಗಲೇ ಕಟ್ಟಿದ್ದ ಗುಬ್ಬಿಯ ಶುಲ್ಕದ ಮೇಲೆ ಹೆಂಡತಿಯದನ್ನೂ ಅಂಗಡಿಯಿಂದಲೇ ಹೊಂದಿಸಲಾದೀತೇ ಎಂದು ತಂದೆ ನಾಲ್ಕು ದಿನ ಹೊಲಿಗೆ ಹಾಕುತ್ತಲೇ ಲೆಕ್ಕ ಹಾಕಿದ. ಆಗುವಂತಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೆಂಡತಿ ಒಬ್ಬಳೇ ಸಿಕ್ಕಾಗ ಮೆಲ್ಲಗೆ ಹೇಳಿನೋಡಿದ: “ಇನ್ನು ಮಕ್ಕಳ ಕಾಲ ಅಲ್ವೇನೇ?”

“ನಮ್ಮ ಕಾಲ ಯಾವಾಗಿತ್ತು ರೀ?” ಎಂದಳು ಅವಳು, ಅಂಗಿಯ ಕಾಲರು ತಿಕ್ಕುತ್ತ. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಮನೆಯಲ್ಲಿ ಯಾರೂ ನಿರೀಕ್ಷಿಸದವರು ಸೊಸೆಯ ಪಕ್ಷ ಹಿಡಿದರು. ಮೊದಲ ದಿನ ಅಜ್ಜಿಗೆ ಒಳಗೊಳಗೇ ಖುಷಿಯಾಗಿತ್ತು, ಸೊಸೆ ಕೆಲಸ ಬಿಟ್ಟು ಮನೆಯಲ್ಲಿರುತ್ತಾಳೆ, ಚಹಾ ಬಿಸಿಯಾಗಿ ಸಿಗುತ್ತದೆ ಎಂದು. ಮರುದಿನ ಹಲ್ಲುಜ್ಜುವಾಗ ಅವಳಿಗೆ ಹೊಳೆಯಿತು, ಸೊಸೆ ಬಿಟ್ಟರೆ ಮೊಮ್ಮಗಳು ಹೋಗುತ್ತಾಳೆ. ಮೊಣಕಾಲಿಗೆ ಎಣ್ಣೆ ಹಚ್ಚುವವರು ಯಾರು? ಕತ್ತಲಲ್ಲಿ “ಅಜ್ಜಿ, ಮಗ್ಗುಲಾಗು, ಗೊರಕೆ” ಎಂದು ತಿವಿಯುವವರು ಯಾರು? ಅಂದಿನಿಂದ ಅವಳ ಮಾತೇ ಬೇರೆಯಾಯಿತು. ಹಿಡಿದ ಕೆಲಸ ನಡುವೆ ಬಿಡುವುದು ನಮ್ಮ ಮನೆತನದಲ್ಲೇ ಇಲ್ಲ ಎಂದು ಬೀದಿಗೆಲ್ಲ ಹೇಳಿದಳು. ಎಂದೂ ಚಾಕು ಹಿಡಿಯದವಳು ಆಲೂಗಡ್ಡೆ ಸುಲಿದು ಇಡತೊಡಗಿದಳು. ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೂ ಹೋಗುತ್ತಿತ್ತು, ಸೊಸೆ ಉಳಿದರ್ಧವನ್ನೇ ಬೇಯಿಸುತ್ತಿದ್ದಳು.

ಗುಬ್ಬಿ ತಾಯಿಯ ಜೊತೆ ಮಾತು ಬಿಟ್ಟಳು. “ಅಜ್ಜಿ, ಉಪ್ಪು ಕೊಡೋಕೆ ಹೇಳು” ಎನ್ನುವಳು. ತಾಯಿ ಉಪ್ಪಿನ ಡಬ್ಬಿಯನ್ನು ಅತ್ತೆಯ ಮುಂದಿಡುವಳು. “ನಾನೇನು ಅಂಚೆ ಕಚೇರೀನಾ?” ಎಂದು ಅಜ್ಜಿ ಗೊಣಗುತ್ತ ಅದನ್ನು ಮೊಮ್ಮಗಳ ಕಡೆ ತಳ್ಳುವಳು. ಬೆಳಿಗ್ಗೆ ಗುಬ್ಬಿ ಬೇಕೆಂದೇ ಒಂದು ಬಸ್ಸು ಮುಂಚೆ ಹೊರಡುತ್ತಿದ್ದಳು. ತಾಯಿ ತಮ್ಮ ಮಾಮೂಲಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಅಭ್ಯಾಸಬಲದಿಂದ ಚೀಲವನ್ನು ಪಕ್ಕದ ಸೀಟಿನ ಮೇಲಿಡುತ್ತಿದ್ದಳು. ಯಾರಾದರೂ ಬಂದು ನಿಂತಾಗ ನೆನಪಾಗಿ ಎತ್ತಿಕೊಳ್ಳುತ್ತಿದ್ದಳು. ಮೊದಲೆಲ್ಲ ಆ ದಾರಿಯಲ್ಲಿ ಗುಬ್ಬಿ ಹೇಳುತ್ತಿದ್ದ ಮಾತುಗಳಲ್ಲಿ ತಾಯಿ ಅರ್ಧವನ್ನಷ್ಟೇ ಕೇಳುತ್ತಿದ್ದಳು. ಉಳಿದರ್ಧ ಹೊತ್ತು ರಾತ್ರಿಗೇನು ಅಡುಗೆ ಎಂಬ ಯೋಚನೆ. ಈಗ ಆ ಕೇಳದೆ ಬಿಟ್ಟ ಅರ್ಧವೇ ಅವಳನ್ನು ಕಾಡುತ್ತಿತ್ತು.

ಕೆಲವು ವಾರಗಳಲ್ಲಿ ಆ ಮಂಚಕ್ಕೆ ಬೇರೆ ಹುಡುಗಿ ಬಂದಳು. ಗುಬ್ಬಿ ಮನೆಗೆ ಬಂದವಳೇ ಫೋಮಿನ ಕಡೆ ಮುಖ ಮಾಡಿ ಮಲಗಿದಳು. ವಿಷಯವನ್ನು ಅಜ್ಜಿಯಿಂದ ತಿಳಿದ ತಾಯಿ ಬಾಗಿಲಲ್ಲಿ ಬಂದು ನಿಂತಳು. ಮಗಳ ಬೆನ್ನಿನ ಮೇಲೆ ಕೈ ಇಡಬೇಕೆನಿಸಿತು. ಇಟ್ಟರೆ ಕೊಡವಿಬಿಟ್ಟಾಳು ಎಂದು ಹೆದರಿ ಹಿಂದೆ ಹೋದಳು. ಒಲೆಯ ಮೇಲೆ ಹಾಲು ಉಕ್ಕಿ ಹರಿದಿತ್ತು.

ಒಂದು ದಿನ ತಂದೆ ಅಂಗಡಿ ಮುಚ್ಚಿ ಅಜ್ಜಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಮನೆಗೆ ಇದ್ದದ್ದು ಒಂದೇ ಬೀಗದ ಕೈ. ಅಂದು ಗುಬ್ಬಿಯ ತರಗತಿ ತಡವಾಗಿ ಇದ್ದುದರಿಂದ ಕೊನೆಗೆ ಹೊರಟವಳು ಅವಳು, ಮೊದಲು ಹಿಂತಿರುಗುವವಳು ತಾಯಿ. ತಪ್ಪದೆ ಅಮ್ಮನ ಕೈಗೆ ಕೊಡು ಎಂದು ತಂದೆ ಎರಡು ಸಲ ಹೇಳಿದ್ದ. ಹೀಗಾಗಿ ಗುಬ್ಬಿ ಮೊದಲ ಸಲ ಹಿಂದಿನ ಕಟ್ಟಡದ ಆ ಕೋಣೆಯವರೆಗೆ ಹೋದಳು.

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಉದ್ದದ ಕಲ್ಲಿನ ತೊಟ್ಟಿ, ಗೋಡೆಯ ತುಂಬ ಮರದ ಗೂಟಗಳು, ಗೂಟಗಳಲ್ಲಿ ತಲೆಕೆಳಗಾಗಿ ನೀರು ಸೋರುತ್ತಿದ್ದ ಫ್ಲಾಸ್ಕುಗಳು. ಸ್ಟೂಲುಗಳ ಮೇಲೆ ಮೂವರು ಹುಡುಗ ಹುಡುಗಿಯರು ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಅವರ ನಡುವೆ ನಿಂತ ತಾಯಿ, ಲ್ಯಾಬಿನ ಮೇಸ್ಟ್ರು ಹಣೆಯ ಮೇಲೇ ಇರುವ ಕನ್ನಡಕವನ್ನು ಮೇಜಿನ ಮೇಲೆ ಹುಡುಕುವುದನ್ನು ಮಾಡಿ ತೋರಿಸುತ್ತಿದ್ದಳು. “ಅಕ್ಕಾ, ಸಾಕು, ಗಂಟಲಿಗೆ ಸಿಕ್ಕಿಕೊಳ್ಳುತ್ತೆ,” ಎಂದು ಒಬ್ಬ ಹುಡುಗ ನಗುತ್ತ ಕೆಮ್ಮಿದ. ತಾಯಿಯೂ ನಕ್ಕಳು. ರಬ್ಬರಿನ ಕೈಗವಸು ಹಾಕಿದ್ದ ಒದ್ದೆ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ನಿಲ್ಲಿಸಲಾಗದೆ, ತೊಟ್ಟಿಗೆ ಒರಗಿ ನಕ್ಕಳು.

ಗುಬ್ಬಿ ಹಾಗೇ ತಿರುಗಿ ಹೋದಳು. ಬೀಗದ ಕೈ ಅವಳ ಮುಷ್ಟಿಯಲ್ಲೇ ಇತ್ತು. ಹಾಸ್ಟೆಲಿನ ಮೆಟ್ಟಿಲ ಮೇಲೆ ಸೋಡಾಳ ಜೊತೆ ಸಂಜೆಯವರೆಗೆ ಕೂತಳು, ಏನು ಮಾತಾಡಿದೆ ಎಂಬುದು ಅವಳಿಗೆ ಆಮೇಲೆ ನೆನಪಿರಲಿಲ್ಲ.

ತಾಯಿ ಮನೆಗೆ ಬಂದಾಗ ಬೀಗ. ಮರುದಿನ ಅವಳಿಗೊಂದು ಪರೀಕ್ಷೆ, ಪುಸ್ತಕ ಒಳಗೆ. ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ತಂದೆಯೂ ಅಜ್ಜಿಯೂ ಬಂದರು. ಕಣ್ಣಿಗೆ ಔಷಧ ಬಿಟ್ಟಿದ್ದರಿಂದ ಅಜ್ಜಿಗೆ ಎಲ್ಲವೂ ಮಂಜು ಮಂಜು. ಪಕ್ಕದ ಮನೆಯವರು ಒಂದು ಕುರ್ಚಿ ಕೊಟ್ಟರು. ದೀಪ ಹಚ್ಚುವ ಹೊತ್ತಿಗೆ ಗುಬ್ಬಿ ಬಂದಳು. ತಂದೆ ಅವಳ ಕೈಯಿಂದ ಬೀಗದ ಕೈ ತೆಗೆದುಕೊಂಡು ಬಾಗಿಲು ತೆಗೆದ.

ಅಡುಗೆಮನೆಯಲ್ಲಿ ತಾಯಿ ಕೇಳಿದಳು. “ನೀನು ಅಲ್ಲಿಗೆ ಬಂದಿದ್ದೆ. ಫ್ಲಾಸ್ಕಿನ ಗಾಜಲ್ಲಿ ನಿನ್ನ ಮುಖ ಕಂಡಿತು, ತಿರುಗೋಷ್ಟರಲ್ಲಿ ಇಲ್ಲ. ಕೊಡೋಕೆ ಬಂದವಳು ಯಾಕೆ ಕೊಡದೆ ಹೋದೆ?”

ಬಹಳ ದಿನಗಳ ಮೇಲೆ ಗುಬ್ಬಿ ನೇರವಾಗಿ ತಾಯಿಗೆ ಉತ್ತರ ಕೊಟ್ಟಳು. “ನೀನು ನಗ್ತಾ ಇದ್ದೆ.”

“ನಗಬಾರದಾ?”

“ಮನೇಲಿ ಒಂದು ದಿನಾನಾದ್ರೂ ಹಾಗೆ ನಕ್ಕಿದ್ದೀಯಾ? ಅವರು ಯಾರೋ ನಿನ್ನನ್ನ ಅಕ್ಕ ಅಂತಾರೆ. ಅವರ ಮುಂದೆ ಕುಣೀತೀಯ. ಇಲ್ಲಿಗೆ ಬಂದ್ರೆ ಮುಖ ಗಂಟು.”

“ಇಲ್ಲಿ ನನ್ನ ನಗಿಸೋರು ಯಾರಿದ್ದಾರೆ?”

“ಯಾಕೆ, ನಾನಿಲ್ವಾ?” ಎಂದಳು ಅಜ್ಜಿ, ಮಂಜುಗಣ್ಣಿನಲ್ಲಿ ಸೊಸೆ ಎಂದುಕೊಂಡು ನೀರಿನ ಡ್ರಮ್ಮಿನ ಕಡೆ ತಿರುಗಿ. ತಂದೆ ನಗು ತಡೆಯಲಾಗದೆ ಹೊರಗೆ ಹೋದ. ತಾಯಿಯ ತುಟಿಯೂ ಅಲುಗಿತು. ಗುಬ್ಬಿಯದು ಅಲುಗಲಿಲ್ಲ.

“ನಿನಗೆ ಹಾಸ್ಟೆಲು ಯಾಕೆ ಬೇಕು ಅಂದೆ?” ಎಂದು ತಾಯಿ ಕೇಳಿದಳು.

“ಯಾರೂ ಕೂಗದೆ ಇರೋ ಒಂದು ಜಾಗ ಬೇಕು ನನಗೆ.”

“ನನಗೂ ಅಷ್ಟೇ ಕಣೆ. ಅಲ್ಲಿ ಕೈ ನೀರಲ್ಲೇ ಇರುತ್ತೆ, ಬೆನ್ನು ಇಲ್ಲಿಗಿಂತ ಜಾಸ್ತಿ ನೋಯುತ್ತೆ. ಆದ್ರೂ ಬೇಕು.”

“ಹಾಗಾದ್ರೆ ನಾವು ಬೇಡ.”

“ನಿನಗೆ ನಾವು ಬೇಡವಾ?”

ಗುಬ್ಬಿ ಅಕ್ಕಿಯ ಡಬ್ಬಿಯನ್ನು ತಾಯಿಯ ಕಡೆ ಸರಿಸಿದಳು. “ಬೇಕು,” ಎಂದಳು.

“ಮತ್ತೆ?” ಎಂದಳು ತಾಯಿ. ಅಷ್ಟೇ ಹೇಳಿ, ಅಕ್ಕಿ ತೊಳೆಯಲು ಕೂತಳು.

ಅದರಿಂದ ಎಲ್ಲ ಸರಿಹೋಯಿತು ಎಂದೇನಲ್ಲ. ಆದರೆ ಅಜ್ಜಿಯ ಅಂಚೆ ಕಚೇರಿ ಮುಚ್ಚಿತು. ಬೆಳಿಗ್ಗೆ ಗುಬ್ಬಿ ಮತ್ತೆ ತಾಯಿಯ ಬಸ್ಸಿಗೇ ಬರತೊಡಗಿದಳು. ಗೇಟಿನ ಮುಂದೆ ಚಪ್ಪಲಿಯ ಪಟ್ಟಿ ಸರಿಮಾಡಲು ನಿಲ್ಲುತ್ತಿರಲಿಲ್ಲ. ಇಷ್ಟಾದರೂ ಮಾತಿಗೆ ಹೊತ್ತು ಸಿಗಲಿಲ್ಲ. ಕೊನೆಯ ಪರೀಕ್ಷೆ ಹತ್ತಿರ ಬಂದಿತ್ತು, ತಾಯಿ ಬಸ್ಸಿನಲ್ಲೂ ಪುಸ್ತಕ ಬಿಡಿಸಿ ತುಟಿ ಅಲ್ಲಾಡಿಸುತ್ತಿದ್ದಳು. ಈಗ ಅರ್ಧ ಕೇಳಿಸಿಕೊಳ್ಳುವವರೂ ಇಲ್ಲದೆ ಗುಬ್ಬಿ ಕಿಟಕಿಯಾಚೆ ನೋಡುತ್ತಿದ್ದಳು. ಸಂಜೆ ಚಹಾ ಮಾಡಿದರೆ ತಾಯಿಯ ಪುಸ್ತಕದ ಪಕ್ಕ ಒಂದು ಲೋಟ ಇಟ್ಟು, “ಇಟ್ಟಿದ್ದೀನಿ” ಎಂದಷ್ಟೇ ಹೇಳಿ ಹೋಗುತ್ತಿದ್ದಳು. ಎಷ್ಟೋ ಸಲ ಆ ಚಹಾ ಆರಿಹೋಗುತ್ತಿತ್ತು. ತಾಯಿ ತಣ್ಣಗಿನದನ್ನೇ ಕುಡಿದು ಚೆನ್ನಾಗಿದೆ ಎನ್ನುತ್ತಿದ್ದಳು.

ಪರೀಕ್ಷೆ ಮುಗಿಯಿತು. ತಾಯಿ ಪಾಸಾದಳು, ಬಹಳ ಮೇಲೂ ಅಲ್ಲ, ಬಹಳ ಕೆಳಗೂ ಅಲ್ಲ. ತಂದೆ ಅಂಗಡಿಗೆ ಬಂದವರಿಗೆಲ್ಲ ಮೂರು ದಿನ ಅದನ್ನೇ ಹೇಳಿದ. ತಾಯಿ ಕಾಲೇಜಿನ ಗುರುತಿನ ಕಾರ್ಡನ್ನು ಕಚೇರಿಗೆ ಹಿಂತಿರುಗಿಸಿ ಬಂದಳು. ನೀರು ಪರೀಕ್ಷೆ ಮಾಡುವ ಕಡೆ, ಔಷಧ ತಯಾರಿಸುವ ಕಡೆ ಕೆಲಸ ಕೇಳಿ ಅರ್ಜಿ ಹಾಕಿದಳು. ಎಲ್ಲಿಂದಲೂ ಇನ್ನೂ ಉತ್ತರ ಬಂದಿರಲಿಲ್ಲ. ಗಾಜು ತೊಳೆಯುವ ಕೆಲಸ ಗುಬ್ಬಿಗೆ ಬಂತು. ಹಾಸ್ಟೆಲಿನಲ್ಲಿ ಒಂದು ಮಂಚವೂ ಸಿಕ್ಕಿತು, ಸೋಡಾಳ ಕೋಣೆಯಲ್ಲಲ್ಲ, ಇನ್ನೊಂದು ಮಹಡಿಯಲ್ಲಿ, ಗುರುತಿಲ್ಲದ ಹುಡುಗಿಯ ಜೊತೆ. ಸುದ್ದಿ ಕೇಳಿದ ಅಜ್ಜಿ ಒಂದು ಹೊತ್ತಿನ ಊಟ ಬಿಟ್ಟಳು. ಇನ್ನೊಂದು ಹೊತ್ತಿಗೆ ಹಸಿವು ತಡೆಯಲಾಗದೆ ಎರಡು ಹೊತ್ತಿನದನ್ನೂ ಉಂಡಳು.

ಹೊರಡುವ ದಿನ ತಂದೆ ಬೆಳಿಗ್ಗೆಯೇ ಟ್ರಂಕನ್ನು ಸ್ಕೂಟರಿಗೆ ಕಟ್ಟಿಕೊಂಡು ಹೋಗಿ ಇಳಿಸಿ ಬಂದಿದ್ದ. ಮಧ್ಯಾಹ್ನದ ಮೇಲೆ ತಾಯಿ ಮಗಳು ಹಾಸಿಗೆಯ ಸುರುಳಿ ಹಿಡಿದು ಬಸ್ಸಿನಲ್ಲಿ ಹೋದರು. ಗೇಟಿನಲ್ಲಿ ಕಾವಲುಗಾರ ತಾಯಿಯನ್ನು ತಡೆದ. ಪ್ರತಿದಿನ ನೋಡಿದ ಮುಖವೇ, ಅವನಿಗೇ ಸಂಕೋಚವಾಯಿತು. ಕಾರ್ಡು ಇಲ್ಲದ ಮೇಲೆ ಕೇಳಲೇಬೇಕು ಎಂದು ತಲೆ ಕೆರೆದುಕೊಂಡು, “ಯಾರನ್ನ ನೋಡಬೇಕಕ್ಕ?” ಎಂದ.

“ಇವಳನ್ನ,” ಎಂದಳು ತಾಯಿ, ಪಕ್ಕದಲ್ಲಿ ನಿಂತಿದ್ದ ಮಗಳನ್ನು ತೋರಿಸಿ.

ಕೋಣೆಯ ಕಿಟಕಿಗೆ ಮರವಿರಲಿಲ್ಲ, ನೀರಿನ ಟ್ಯಾಂಕು ಕಾಣುತ್ತಿತ್ತು. ತಾಯಿ ಹಾಸಿಗೆ ಬಿಚ್ಚಿ ಹೊದಿಕೆಯ ಅಂಚುಗಳನ್ನು ಒಳಗೆ ಸಿಕ್ಕಿಸಿದಳು, ಮತ್ತೆ ತೆಗೆದು ಮತ್ತೆ ಸಿಕ್ಕಿಸಿದಳು. ಹೇಳಬೇಕೆಂದುಕೊಂಡದ್ದು ಏನೋ ಇತ್ತು, ಅದರ ಬದಲು ಕೆಲಸದ ವಿಷಯ ಹೇಳಿದಳು. ಆಸಿಡ್ ಇದ್ದ ಸೀಸೆಗಳನ್ನು ಮೊದಲು ಬೇರೆ ಮಾಡು, ಕೈಗವಸು ಹಾಕದೆ ಮುಟ್ಟಬೇಡ, ತೊಟ್ಟಿಯ ಎಡಗಡೆಯ ನಲ್ಲಿ ಸೋರುತ್ತೆ. ಗುಬ್ಬಿ ಎಲ್ಲದಕ್ಕೂ ಹ್ಞೂಂ ಎಂದಳು. ಭೇಟಿಗೆ ಬಂದವರು ಹೊರಡಲಿ ಎಂದು ಗಂಟೆ ಬಾರಿಸಿದರು.

ಗುಬ್ಬಿ ತಾಯಿಯನ್ನು ಬಿಟ್ಟು ಬರಲು ಗೇಟಿನವರೆಗೆ ಬಂದಳು. ದಾರಿಯಲ್ಲಿ ಮಾತು ಶುರುವಾಯಿತು. ಸೋಡಾಳ ಹೊಸ ಜೊತೆಗಾತಿ ನಿದ್ದೆಯಲ್ಲಿ ಲೆಕ್ಕ ಬಿಡಿಸುತ್ತಾಳಂತೆ. ಗೇಟು ಬಂದಾಗ ಅದು ಅರ್ಧಕ್ಕೆ ನಿಂತಿತ್ತು. “ನೀನೊಬ್ಬಳೇ ಹೇಗೆ ಹೋಗ್ತೀಯ, ಹಾಸ್ಟೆಲಿನ ತನಕ ಬಿಟ್ಟು ಬರ್ತೀನಿ,” ಎಂದು ತಾಯಿ ತಿರುಗಿದಳು. ಹಾಸ್ಟೆಲು ಬಂದಾಗ ತಾಯಿ ಲ್ಯಾಬಿನ ಮೇಸ್ಟ್ರ ಕಥೆಯ ನಡುವಿದ್ದಳು. “ಬಾ, ಗೇಟಿನ ತನಕ ಬರ್ತೀನಿ,” ಎಂದಳು ಗುಬ್ಬಿ. ಹೀಗೆ ಹೋದರು, ಬಂದರು, ಮತ್ತೆ ಹೋದರು. ಅಷ್ಟು ವಾರಗಳಲ್ಲಿ ಆಡದೆ ಉಳಿದ ಮಾತೆಲ್ಲ ಒಂದರ ಹಿಂದೆ ಒಂದು ಬರುತ್ತಿತ್ತು, ಒಂದೂ ದೊಡ್ಡದಲ್ಲ.

“ಒಳಗಿರೋರು ಯಾರು, ಹೊರಗೆ ಹೋಗೋರು ಯಾರು ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಿ,” ಎಂದ ಕಾವಲುಗಾರ. “ನಾನು ಗೇಟು ಹಾಕಬೇಕು.”

ತಾಯಿ ಹೊರಗೆ ಹೋದಳು. ಗೇಟು ಮುಚ್ಚಿತು. ಬಸ್‌ನಿಲ್ದಾಣದ ಕಡೆಗೆ ಸ್ವಲ್ಪ ದೂರ ಕಂಬಿಬೇಲಿ ಇತ್ತು. ಬೇಲಿಯ ಆಚೆ ತಾಯಿ, ಈಚೆ ಮಗಳು, ಮಾತಾಡುತ್ತಲೇ ನಡೆದರು. ಬೇಲಿ ಮುಗಿದು ಗೋಡೆ ಶುರುವಾಯಿತು. ಆಮೇಲೆ ಮುಖ ಕಾಣಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ನಿಲ್ದಾಣ ಆ ಗೋಡೆಗೇ ಒರಗಿಕೊಂಡಿತ್ತು. ತಾಯಿ ಅಲ್ಲಿ ನಿಂತಳು. ಒಳಗಿನ ಹೆಜ್ಜೆಯ ಸಪ್ಪಳವೂ ನಿಂತಿತು.

“ಅಜ್ಜಿ ಎಣ್ಣೆ ಶೀಶೆ ಕಿಟಕಿ ಹತ್ತಿರ ಇದೆ. ಬಿಸಿ ಮಾಡಿ ಹಚ್ಚು.”

“ಹಚ್ತೀನಿ.”

“ಜಾಸ್ತಿ ಒತ್ತಬೇಡ, ಬೈತಾಳೆ.”

“ಗೊತ್ತು.”

ಬಸ್ಸು ಬಂದು ನಿಂತಿತು. ನಾಲ್ಕೈದು ಜನ ಹತ್ತಿದರು. ಕಂಡಕ್ಟರ್ ತಾಯಿಯ ಮುಖ ನೋಡಿದ, ಅವಳು ಬರುವುದಿಲ್ಲವೆಂದು ತಲೆಯಾಡಿಸಿದಳು. ಬಸ್ಸು ಸದ್ದು ಮಾಡುತ್ತ ಹೊರಟುಹೋಯಿತು.

“ಬಸ್ಸು ಬಂತಾ ಅಮ್ಮ?” ಎಂದು ಗೋಡೆಯಾಚೆಯಿಂದ ಗುಬ್ಬಿ ಕೇಳಿದಳು.

“ಇಲ್ಲ ಕಣೆ. ಇನ್ನೂ ಬಂದಿಲ್ಲ.”

ಅಷ್ಟು ದೊಡ್ಡ ಸದ್ದು ಗುಬ್ಬಿಗೆ ಕೇಳಿಸದೆ ಇರಲಿಲ್ಲ. “ಸರಿ ಹಾಗಾದ್ರೆ,” ಎಂದಳು. “ಆಮೇಲೆ ಏನಾಯ್ತು ಅಂದ್ರೆ…”